ನೀರಿಗೆ ಹೋಗುವ ದಾರಿ

ಮೂರು ವರ್ಷದ ಹಿಂದೆ ನಮ್ಮ ಆಫೀಸಿನಿಂದ ಟೀಮ್ ಔಟಿಂಗ್ ಅಂತ ಕಬಿನಿ ಹಿನ್ನೀರಿನ ದಡದ ಒಂದು ರೆಸಾರ್ಟಿಗೆ ಹೋಗಿದ್ದೆವು. ಬೆಂಗಳೂರಿನಿಂದ ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿಕೊಂಡು ಹೊರಟ ನಲವತ್ತು ಜನ. ಸಂಜೆ ನೀರಿನ ಪಕ್ಕ ಹುಲ್ಲಿನ ಮೇಲೆ ಕುರ್ಚಿ ಹಾಕಿ ಕಾಫಿ ಕೊಟ್ಟರು. ಅಷ್ಟರಲ್ಲಿ ಬೇಲಿಯ ಆಚೆಯಿಂದ ನಾಲ್ಕೈದು ಎಮ್ಮೆ ಹೊಡೆದುಕೊಂಡು ವಯಸ್ಸಾದವರೊಬ್ಬರು ಬಂದರು. ಸೆಕ್ಯೂರಿಟಿ ಹುಡುಗ ಓಡಿಹೋಗಿ, ಕೋಲು ಬೀಸಿ, ಅವರನ್ನ ವಾಪಸ್ ಕಳಿಸಿದ. ಆಮೇಲೆ ನಮ್ಮ ಹತ್ತಿರ ಬಂದು ಸಮಾಧಾನ ಹೇಳಿದ: "ಊರೋರು ಸಾರ್. ಎಷ್ಟ್ ಹೇಳುದ್ರೂ ಬತ್ತಾರೆ. ನೀವು ಆರಾಮಾಗಿ ಕೂತ್ಕೊಳಿ."

ನನಗೆ ಆರಾಮಾಗಿ ಕೂರಲು ಆಗಲಿಲ್ಲ. ಯಾಕಂದರೆ ಅದೇ ಹಿನ್ನೀರಿನ ದಡದಲ್ಲಿ, ಸ್ವಲ್ಪ ದೂರದಲ್ಲೇ ನನ್ನ ಅಮ್ಮನ ತೌರು. ಬೇಸಿಗೆ ರಜೆಯಲ್ಲಿ ಮಾವನ ಹಿಂದೆ ಎಮ್ಮೆ ಹೊಡೆದುಕೊಂಡು ಅದೇ ನೀರಿಗೆ ಇಳಿದವನು ನಾನು. ಆವತ್ತು ಅಲ್ಲಿ ಎದ್ದು ನಿಂತು "ಯಾಕಪ್ಪಾ ಓಡಿಸ್ತೀಯ" ಅಂತ ಕೇಳಬಹುದಿತ್ತು. ಕೇಳಲಿಲ್ಲ. ಕಾಫಿ ಕುಡಿದೆ. ಮಾರನೇ ದಿನ ಸಫಾರಿಗೆ ಹೋಗಿ ಬಂದು ಫೋಟೋನೂ ಹಾಕಿದೆ.

ಮರುವರ್ಷ ನಮ್ಮ ಮಾವನ ಊರಿನಲ್ಲೇ ಬೇಲಿ ಬಂತು. ಊರಿಂದ ನೀರಿಗೆ ಇಳಿಯುವ ಬಂಡಿದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದು, ಒಂದು ಕಬ್ಬಿಣದ ಗೇಟು ಕೂರಿಸಿದ್ದರು. ದಾರಿಯ ಎರಡೂ ಕಡೆ ಜಮೀನನ್ನು ಹೊರಗಿನವರೊಬ್ಬರು ಕೊಂಡಿದ್ದರು. ಮಾವ ಫೋನಿನಲ್ಲಿ ಹೇಳಿದ್ದು ಇಷ್ಟು: "ಅಳಿಯ, ನೀರೂ ಗೌರ್ಮೆಂಟ್‌ದಂತೆ, ದಡವೂ ಗೌರ್ಮೆಂಟ್‌ದಂತೆ. ಅಲ್ಲಿಗೆ ಓಗೋ ಜಾಗ ಮಾತ್ರ ಅವರ್ದಂತೆ. ನೀನು ಓದ್ದೋನು, ಅದೇನು ನೋಡು."

ಓದಿದ್ದು ಬಿ.ಇ., ಕಂಪ್ಯೂಟರ್ ಸೈನ್ಸು. ಪಹಣಿ ಓದೋಕೆ ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಮಾವನ ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆ ಅಂತ ಆಗಲೇ ಅನ್ನಿಸಿತು. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ತಿಳಿದದ್ದನ್ನ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆತನದ ನೆಂಟಸ್ತಿಕೆಯೆಲ್ಲ ನಾಲ್ಕು ತಾಲ್ಲೂಕಿನೊಳಗೇ ಮುಗಿಯುತ್ತೆ. ನಾನು ಹುಟ್ಟಿದ್ದು ಹುಣಸೂರು ತಾಲ್ಲೂಕು, ಲಕ್ಷ್ಮಣತೀರ್ಥದ ಪಕ್ಕ. ಅಮ್ಮನ ತೌರು ಹೆಗ್ಗಡದೇವನಕೋಟೆ, ಕಪಿಲೆಯ ಕಡೆ. ಅಕ್ಕನ್ನ ಕೊಟ್ಟಿರೋದು ಕೆ.ಆರ್. ನಗರದ ಕಡೆ, ಕಾವೇರಿ ಬಯಲು. ಚಿಕ್ಕಮ್ಮನ ಮನೆ ಪಿರಿಯಾಪಟ್ಟಣ. ಮದುವೆ, ತಿಥಿ, ಹಬ್ಬ ಅಂತ ಎಲ್ಲಿಗೆ ಹೋದರೂ ಮಕ್ಕಳಿಗೆ ಮೊದಲ ಕೆಲಸ ಒಂದೇ, ನೀರಿಗೆ ಓಡೋದು. ಹೊಳೆಯೋ, ಕಾಲುವೆಯೋ, ಕೆರೆಯೋ, ಏನಾದರೊಂದು ಇದ್ದೇ ಇರುತ್ತಿತ್ತು. "ಹೋಗಬಹುದಾ?" ಅಂತ ಕೇಳಿದ ನೆನಪೇ ಇಲ್ಲ.

ಈ ಕಡೆಯ ಊರಿನ ಹೆಸರುಗಳನ್ನೇ ನೋಡಿ. ಚುಂಚನಕಟ್ಟೆ, ಕಟ್ಟೆಮಳಲವಾಡಿ, ಎಡತೊರೆ. ಕಟ್ಟೆ ಅಂದರೆ ಹೊಳೆಗೆ ಅಡ್ಡ ಹಾಕಿದ ಒಡ್ಡು, ತೊರೆ ಅಂದರೆ ಹೊಳೆ. ಹನಗೋಡಿನಲ್ಲಿ, ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥಕ್ಕೆ, ಚುಂಚನಕಟ್ಟೆಯಲ್ಲಿ ಕಾವೇರಿಗೆ ಕಟ್ಟೆಗಳಿವೆ. ಅವುಗಳಿಂದ ಹೊರಟ ನಾಲೆಗಳೇ ಈ ಸೀಮೆಯ ಭತ್ತದ ಗದ್ದೆಗಳನ್ನ ಸಾಕಿದ್ದು. ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಹೊತ್ತಿಗೆ ದನದ ಜಾತ್ರೆ ಸೇರುತ್ತೆ. ಅಷ್ಟೊಂದು ರಾಸು, ಅಷ್ಟೊಂದು ಜನ ಒಂದು ಕಡೆ ದಿನಗಟ್ಟಲೆ ನಿಲ್ಲೋಕೆ ಆಗೋದು ಪಕ್ಕದಲ್ಲಿ ಹೊಳೆ ಇರೋದರಿಂದ, ಹೊಳೆಗೆ ಇಳಿಯೋದಕ್ಕೆ ಯಾರೂ ತಡೆಯದೇ ಇರೋದರಿಂದ. ಕೆ.ಆರ್. ನಗರ ಅನ್ನೋ ಊರು ಹುಟ್ಟಿದ್ದೂ ಹೊಳೆಯ ಕಾರಣಕ್ಕೇ. ಹಳೇ ಎಡತೊರೆ ಕಾವೇರಿಯ ದಡದಲ್ಲಿತ್ತು. ಪ್ರವಾಹದ ಕಾಟಕ್ಕೆ 1925–30ರ ಸುಮಾರಿನಲ್ಲಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಜನ ಮೇಲಕ್ಕೆ ಬಂದರು, ಅರ್ಕೇಶ್ವರಸ್ವಾಮಿ ಹೊಳೆಯ ಪಕ್ಕದಲ್ಲೇ ಉಳಿದ. ಆದ್ದರಿಂದ ಹೊಳೆಗೆ ಹೋಗುವ ದಾರಿಯೂ ಉಳಿಯಿತು.

ನೀರಿನ ಬಗ್ಗೆ ನಮ್ಮ ಹಿರಿಯರು ಬರೆದಿಟ್ಟಿದ್ದು ಕಮ್ಮಿಯೇನಲ್ಲ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಕಟ್ಟುಕೊಡಗೆ ಅಂತ ಹೆಸರು. ಹಳೇ ಮೈಸೂರಿನ ಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತೆ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಅಂತ ನೋಡೋಕೆ ನೀರಗಂಟಿ ಇದ್ದ. ಕೆ.ಆರ್.ಎಸ್. ಬಳಿ ಸಿಕ್ಕಿದ ಟಿಪ್ಪು ಸುಲ್ತಾನನ 1794ರ ಪರ್ಶಿಯನ್ ಶಾಸನ, ಕಾವೇರಿಗೆ ಕಟ್ಟಲಿದ್ದ ಅಣೆಕಟ್ಟಿನ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ನಾಲ್ಕನೇ ಒಂದು ಭಾಗ ಬಿಡುವುದಾಗಿ ಹೇಳುತ್ತೆ. ಅಂದರೆ ಗದ್ದೆಗೆ ನೀರು ಹಾಯಿಸುವ ಹಕ್ಕು ಬರೆದಿದ್ದಾರೆ, ಕಂದಾಯ ಬರೆದಿದ್ದಾರೆ, ದುರಸ್ತಿ ಯಾರು ಮಾಡಬೇಕು ಅಂತಲೂ ಬರೆದಿದ್ದಾರೆ. ಆದರೆ ಬಿಂದಿಗೆ ಹಿಡಿದು, ದನ ಹೊಡೆದುಕೊಂಡು, ಬಟ್ಟೆ ಗಂಟು ಹೊತ್ತುಕೊಂಡು ನೀರಿನ ಅಂಚಿಗೆ ಹೋಗುವುದನ್ನ ಒಂದು ಹಕ್ಕು ಅಂತ ಬರೆಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಉಸಿರಾಡೋ ಹಕ್ಕನ್ನ ಯಾರಾದರೂ ಬರೆದಿಡ್ತಾರಾ?

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಸುಳ್ಳು ಬರೆದಂತಾಗುತ್ತೆ. "ಹಿಂದೆ ಹೊಳೆ ಎಲ್ಲರದ್ದೂ ಆಗಿತ್ತು" ಅನ್ನೋದು ಅರ್ಧ ನಿಜ. ನಮ್ಮೂರಿನಲ್ಲಿ ಮೇಲಿನ ಸೋಪಾನ, ಕೆಳಗಿನ ಸೋಪಾನ ಅಂತ ಎರಡಿದ್ದವು. ನಮ್ಮ ಮನೆಯವರು ಮೇಲಿನದ್ದಕ್ಕೆ ಹೋಗುತ್ತಿದ್ದರು. ನಮ್ಮವರು ಬಟ್ಟೆ ಒಗೆದು, ದನ ತೊಳೆದು ಬಿಟ್ಟ ನೀರು ಹರಿದು ಬರುವ ಕಡೆ ದಲಿತ ಕೇರಿಯವರು ಬಿಂದಿಗೆ ಮುಳುಗಿಸಬೇಕಿತ್ತು. ಅಲ್ಲಿ ಬೇಲಿ ಇರಲಿಲ್ಲ, ಗೇಟು ಇರಲಿಲ್ಲ, ಸೆಕ್ಯೂರಿಟಿಯೂ ಇರಲಿಲ್ಲ. ಆದರೂ ಯಾರೂ ದಾಟುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರನ್ನ ಅಂಬೇಡ್ಕರ್ ಸಾವಿರಾರು ಜನರ ಜೊತೆ ಕೈಯಲ್ಲಿ ತೆಗೆದು ಕುಡಿದರಲ್ಲ, ಅದು ನೀರಿನ ಅಂಚಿಗೆ ಹೋಗುವ ಹಕ್ಕಿನ ಹೋರಾಟವೇ. ಆ ಕೆರೆ ಪುರಸಭೆಯದ್ದು, ಕಾಗದದ ಮೇಲೆ ಎಲ್ಲರಿಗೂ ತೆರೆದದ್ದು. ಕಾಗದದಲ್ಲಿ ಇದ್ದರೂ ಕಾಲಿಗೆ ಸಿಗದ ನೀರು.

ಅದರ ಫಲವನ್ನ ನಮ್ಮ ಸಂವಿಧಾನದಲ್ಲಿ ನೋಡಬಹುದು. 15ನೇ ವಿಧಿಯ ಎರಡನೇ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರಿಟ್ಟು ಹೇಳಿದ್ದಾರೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು, ಇವುಗಳ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯುವ ಹಾಗಿಲ್ಲ. ದೇಶದ ಸಂವಿಧಾನದಲ್ಲಿ ಸ್ನಾನಘಟ್ಟ ಅನ್ನೋ ಮಾತು ಬಂದಿದೆ ಅಂದರೆ, ಅದನ್ನ ಬರೆದವರಿಗೆ ನೀರಿನ ಮೆಟ್ಟಿಲು ಎಷ್ಟು ದೊಡ್ಡ ವಿಷಯ ಅಂತ ಗೊತ್ತಿತ್ತು. ನಮ್ಮೂರಿನ ಎರಡು ಸೋಪಾನ ಒಂದಾಗಿದ್ದು ಮಾತ್ರ ತೀರಾ ತಡವಾಗಿ, ಮನೆಮನೆಗೆ ನಲ್ಲಿ ಬಂದು ಮೇಲಿನವರು ಹೊಳೆಗೆ ಹೋಗೋದು ಬಿಟ್ಟ ಮೇಲೆ.

ಇನ್ನು ಅಣೆಕಟ್ಟಿನ ಕಾಲ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎರಡು ದಶಕದ ಕೆಲಸ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಅಲ್ಲಿ ಸೇರಿ ನಿಂತವು. ಕನ್ನಂಬಾಡಿ ಅನ್ನೋ ಊರೇ ಮುಳುಗಿತು. ಅಲ್ಲಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರು ಇಳಿದ ವರ್ಷ ತಲೆ ಎತ್ತುತ್ತಿತ್ತು; ಈಚೆಗೆ ಅದನ್ನ ಕಲ್ಲು ಕಲ್ಲಾಗಿ ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಆಮೇಲೆ 1974ರಲ್ಲಿ ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಪಿಲೆಗೆ ಅಣೆಕಟ್ಟು. 19.52 ಟಿ.ಎಂ.ಸಿ. ನೀರು, ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಹೊಳೆ ಬಯಲಿನಲ್ಲಿ ನೀರು ನಿಂತಿತು. ಕೊನೇ ಖೆಡ್ಡಾ ಆಗಿದ್ದು 1971ರಲ್ಲಿ.

ನನ್ನ ಅಜ್ಜಿಯ ತೌರೂ ಅಲ್ಲೇ ಮುಳುಗಿದ್ದು. ಅಜ್ಜಿ ಆ ಊರಿಂದ ಮದುವೆಯಾಗಿ ಈ ಊರಿಗೆ ಬಂದಿದ್ದು ಎತ್ತಿನ ಗಾಡಿಯಲ್ಲಿ, ಇದೇ ಬಂಡಿದಾರಿಯಲ್ಲಿ. ಆ ಊರಿನವರೆಲ್ಲ ಪರಿಹಾರ ತೆಗೆದುಕೊಂಡು ದಿಕ್ಕಿಗೊಬ್ಬರಾದರು. ಆಮೇಲೆ ಆ ಬಂಡಿದಾರಿ ನೀರಿನವರೆಗೆ ಹೋಗಿ ನೀರೊಳಗೆ ಇಳಿದುಬಿಡುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದಕ್ಕೆ ಸರಿದಾಗ ದಾರಿಯೂ ಉದ್ದ ಆಗುತ್ತಿತ್ತು. ಒಂದೊಂದು ವರ್ಷ ಅಜ್ಜಿಯ ಊರಿನ ಮನೆಗಳ ತಳಪಾಯ ಕಾಣಿಸೋದು. ಅಜ್ಜಿ ಮಡಿಲಲ್ಲಿ ಎಲೆಅಡಿಕೆ ಕಟ್ಟಿಕೊಂಡು ಅಲ್ಲಿವರೆಗೆ ನಡೆದುಹೋಗಿ, ಒಂದು ಕಲ್ಲಿನ ಮೇಲೆ ಕೂತು, "ಇದು ನಮ್ಮಪ್ಪನ ಮನೆ ಒಸ್ಲು ಕಣ್ ಮಗ" ಅನ್ನುತ್ತಿದ್ದಳು. ನನಗೆ ಬರೀ ಕೆಸರು ಕಾಣಿಸೋದು. ಆಮೇಲೆ ಎಮ್ಮೆ ಹಿಡ್ಕೊಂಡು ವಾಪಸ್ ಬರುತ್ತಿದ್ದೆವು.

ಅಣೆಕಟ್ಟು ಕಟ್ಟುವಾಗ ಗರಿಷ್ಠ ಮಟ್ಟದವರೆಗಿನ ಜಮೀನನ್ನ ಸರ್ಕಾರ ಸ್ವಾಧೀನ ಮಾಡಿಕೊಂಡಿತು. ಆದ್ದರಿಂದ ನೀರು ಕಮ್ಮಿಯಾದಾಗ ಮೇಲೇಳುವ ಬಯಲು ಯಾರ ಸ್ವಂತದ್ದೂ ಅಲ್ಲ. ಅಲ್ಲಿ ಹುಲ್ಲು ಬೆಳೆಯುತ್ತೆ. ಆಚೆ ದಡಕ್ಕೆ ಕಾಡಿನಿಂದ ಆನೆ ಬರುತ್ತೆ, ಈಚೆ ದಡಕ್ಕೆ ಊರಿಂದ ದನ ಬರುತ್ತೆ. ಆನೆ ನೋಡೋಕೆ ಪ್ರವಾಸಿಗರು ಬಂದರು. ಸರ್ಕಾರವೇ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಮಾಡಿ, ಕಾರಾಪುರದಲ್ಲಿ ಮಹಾರಾಜರ ಕಾಲದ ಬೇಟೆ ಬಂಗಲೆಗಳಲ್ಲಿ ವಸತಿ ಶುರು ಮಾಡಿತು. ಆಮೇಲೆ ಖಾಸಗಿಯವರು ಬಂದರು. ನೀರಿಗೆ ಮುಖ ಮಾಡಿದ ಜಮೀನಿನ ಬೆಲೆಯೇ ಬೇರೆ ಆಯಿತು. ರಾಗಿ ಬೆಳೆಯುವ ಎಕರೆಗೂ "ಬ್ಯಾಕ್‌ವಾಟರ್ ವ್ಯೂ" ಇರುವ ಎಕರೆಗೂ ಹೋಲಿಕೆಯೇ ಇಲ್ಲದಂತಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ ತೆಗೆದ ಮೇಲೆ, ರೈತರಲ್ಲದವರೂ ಕೃಷಿ ಜಮೀನು ನೇರವಾಗಿ ಕೊಳ್ಳೋದಕ್ಕೆ ಇದ್ದ ಅಡ್ಡಿಯೂ ಹೋಯಿತು. ಕೊಂಡವರಲ್ಲಿ ನನ್ನಂಥ ಸಾಫ್ಟ್‌ವೇರಿನವರೂ ಇದ್ದಾರೆ. ಮಾರಿದವರನ್ನೂ ನಾನು ಬೈಯಲಾರೆ. ಮಗಳ ಮದುವೆ, ಸೊಸೈಟಿ ಸಾಲ, ಆಸ್ಪತ್ರೆ ಬಿಲ್ಲು. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಮಾರುತ್ತಿದ್ದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ರೆಸಾರ್ಟಿನವರು ಅಥವಾ ಫಾರ್ಮ್‌ಹೌಸಿನವರು ಸರ್ಕಾರದ ಒಂದು ಗುಂಟೆಯನ್ನೂ ಒತ್ತುವರಿ ಮಾಡಬೇಕಾಗಿಲ್ಲ. ದಡ ಸರ್ಕಾರದ್ದೇ ಇರಲಿ. ದಡಕ್ಕೆ ಬರುವ ದಾರಿ ಮುಚ್ಚಿಬಿಟ್ಟರೆ ಸಾಕು, ದಡ ತಾನಾಗಿ ಅವರ ಅಂಗಳ ಆಗುತ್ತೆ. ಸಮುದ್ರದ ದಡಕ್ಕಾದರೂ 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅಂತ ಒಂದಿದೆ. ಅದು ಉಬ್ಬರವಿಳಿತ ತಟ್ಟುವ ನೀರಿಗೆ ಮಾತ್ರ. ಕಬಿನಿ ಹಿನ್ನೀರಿಗೂ ಕನ್ನಂಬಾಡಿ ಹಿನ್ನೀರಿಗೂ ಅದು ಬರೋದಿಲ್ಲ.

ಹಾಗಂತ ಕಾನೂನೇ ಇಲ್ಲ ಅಂತಲ್ಲ. ಹರಿಯುವ ನೀರು, ಗಾಳಿ, ಸಮುದ್ರ, ಸಮುದ್ರದ ದಡ ಇವು ಎಲ್ಲರಿಗೂ ಸೇರಿದ್ದು ಅಂತ ಸುಮಾರು ಸಾವಿರದೈನೂರು ವರ್ಷದ ಹಿಂದೆ ರೋಮನ್ ದೊರೆ ಜಸ್ಟಿನಿಯನ್ ಕಾಲದ ಕಾನೂನು ಪುಸ್ತಕದಲ್ಲಿ ಬರೆದಿದ್ದರು. ಅಮೆರಿಕದ ಇಲಿನಾಯ್ ರಾಜ್ಯ 1869ರಲ್ಲಿ ಷಿಕಾಗೋ ನಗರದ ಮುಂದಿನ ಮಿಷಿಗನ್ ಸರೋವರದ ಸಾವಿರಕ್ಕೂ ಹೆಚ್ಚು ಎಕರೆ ತಳವನ್ನ ಒಂದು ರೈಲ್ವೆ ಕಂಪನಿಗೆ ಬರೆದುಕೊಟ್ಟುಬಿಟ್ಟಿತ್ತು. ಜನರ ಪರವಾಗಿ ಕಾಯಬೇಕಾದ ಸ್ವತ್ತನ್ನ ಸರ್ಕಾರ ಹೀಗೆ ಕೈಬಿಡುವ ಹಾಗಿಲ್ಲ ಅಂತ 1892ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಸುಪ್ರೀಂ ಕೋರ್ಟು ಇದೇ ಮಾತನ್ನ 1996ರ ಡಿಸೆಂಬರಿನಲ್ಲಿ, ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ಹಿಮಾಚಲದ ಬಿಯಾಸ್ ನದಿಯ ದಡದಲ್ಲಿ ಒಂದು ಮೋಟೆಲ್‌ಗೆ ಕೊಟ್ಟಿದ್ದ ಅರಣ್ಯ ಭೂಮಿಯ ಗುತ್ತಿಗೆಯನ್ನ ರದ್ದು ಮಾಡಿತು. ಸರ್ಕಾರ ಇಂಥ ಸ್ವತ್ತಿನ ಮಾಲೀಕ ಅಲ್ಲ, ಕಾವಲುಗಾರ ಅನ್ನೋದು ಇದರ ತಿರುಳು.

ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೇ ಇನ್ನೊಂದು ಜಗಳ ನಡೆದಿತ್ತು. ನಾಗರಹೊಳೆ ಕಾಡಿನ ಮೂರ್ಕಲ್‌ನಲ್ಲಿದ್ದ ಕಟ್ಟಡಗಳನ್ನ ಅರಣ್ಯ ಇಲಾಖೆ ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಜೇನುಕುರುಬರನ್ನ ಕಾಡಿನಿಂದ ಹೊರಗೆ ಹೋಗಿ ಅನ್ನುತ್ತಿದ್ದ ಕಾಲದಲ್ಲೇ ಒಳಗೆ ಹೋಟೆಲ್ ಬರುವುದಿತ್ತು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರಲ್ಲಿ ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಅಂತ ತೀರ್ಪಾಯಿತು. ಹೋಟೆಲ್ ಬರಲಿಲ್ಲ. ಆದರೆ ಹುಣಸೂರಿನ ಹತ್ತಿರದ ನಾಗಾಪುರ ಪುನರ್ವಸತಿ ಹಾಡಿಗೆ ಹೋಗಿ ನೋಡಿ. ಕಾಡಿನಿಂದ ಬಂದ ಜನ ಅಲ್ಲಿದ್ದಾರೆ. ಗೆದ್ದ ಮೊಕದ್ದಮೆಯಿಂದ ಹೋಟೆಲ್ ನಿಂತಿತು, ಅವರ ಹೊಳೆ, ಅವರ ಜೇನು ವಾಪಸ್ ಬರಲಿಲ್ಲ.

ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಮೂರನೇ ಉದಾಹರಣೆ ಇದೆ. ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನ "ಅಭಿವೃದ್ಧಿ"ಗೆ ಅಂತ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ಕೆರೆ ನೋಡೋಕೆ ಟಿಕೆಟ್ ತೆಗೆದುಕೊಳ್ಳುವ ಕಾಲ ಬಂತು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಕೆರೆಗಳ ರಕ್ಷಣೆ ಸರ್ಕಾರದ ಹೊಣೆ ಅಂತ 2012ರಲ್ಲಿ ತೀರ್ಪು ಬಂತು.

ಇವೆಲ್ಲ ಓದಿ ನನಗೆ ಖುಷಿಯೇನೋ ಆಯಿತು. ಆದರೆ ಮಾವನ ಪ್ರಶ್ನೆಗೆ ಇದು ಉತ್ತರ ಅಲ್ಲ. ಈ ಮೊಕದ್ದಮೆಗಳೆಲ್ಲ ಸರ್ಕಾರವೇ ತನ್ನ ಕೈಯಲ್ಲಿದ್ದ ಸ್ವತ್ತನ್ನ ಬೇರೆಯವರಿಗೆ ಕೊಟ್ಟಿದ್ದು. ನಮ್ಮೂರಲ್ಲಿ ಸರ್ಕಾರ ಏನೂ ಕೊಟ್ಟಿಲ್ಲ. ರೈತರು ಮಾರಿದ್ದಾರೆ, ಇವರು ಕೊಂಡಿದ್ದಾರೆ, ಪಹಣಿ ಅವರ ಹೆಸರಲ್ಲಿದೆ. ಇನ್ನೇನು ಕೇಳ್ತೀರಿ?

ಕೇಳಬೇಕಾದ್ದು ಇತ್ತು. ಅದಕ್ಕೆ ಪಹಣಿಯನ್ನ ಸರಿಯಾಗಿ ಓದೋಕೆ ಬರಬೇಕು. ಪಹಣಿಯ ಮೂರನೇ ಕಾಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣದ ಕೆಳಗೆ "ಪೂಟ್ ಖರಾಬು (ಅ)", "ಪೂಟ್ ಖರಾಬು (ಬ)" ಅಂತ ಎರಡು ಸಾಲು ಇರುತ್ತೆ. ನಾವೆಲ್ಲ ಅದನ್ನ ನೋಡದೆ ಕೆಳಗಿನ ಉಳಿಕೆ ಎಷ್ಟು ಅಂತಷ್ಟೇ ನೋಡುವವರು. ಅ ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ, ಬಂಡೆ, ಕಣ ಇತ್ಯಾದಿ. ಅದು ಹಿಡುವಳಿದಾರನ ಜೊತೆಗೇ ಹೋಗುತ್ತೆ. ಬ ಖರಾಬು ಹಾಗಲ್ಲ. ರಸ್ತೆ, ರೂಢಿಯ ಕಾಲುದಾರಿ, ಹಳ್ಳ, ಕೆರೆ, ಬೇರೆಯವರು ಕುಡಿಯೋಕೆ ಅಥವಾ ನೀರಾವರಿಗೆ ಬಳಸುವ ನೀರಿನ ಜಾಗ, ಸ್ಮಶಾನ ಇಂಥವುಗಳಿಗೆ ಬಿಟ್ಟ ಭೂಮಿ ಅದು. 1966ರ ಭೂಕಂದಾಯ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಜೊತೆಗೆ 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ, ಸಾರ್ವಜನಿಕ ರಸ್ತೆ, ಓಣಿ, ದಾರಿ, ನದಿ, ಹಳ್ಳ, ಕೆರೆಗಳು, ಬೇರೆಯವರ ಸ್ವತ್ತು ಅಂತ ರುಜುವಾತಾಗದ ಹೊರತು, ರಾಜ್ಯ ಸರ್ಕಾರದ ಸ್ವತ್ತು ಅನ್ನುತ್ತೆ. ಸುತ್ತಲಿನ ಜಮೀನು ಯಾರು ಎಷ್ಟು ಸಲ ಮಾರಲಿ ಕೊಳ್ಳಲಿ, ಬ ಖರಾಬು ಕ್ರಯಪತ್ರದಲ್ಲಿ ಕೈ ಬದಲಾಗೋದಿಲ್ಲ.

ಮಾವನೂರಿನ ಆ ಸರ್ವೆ ನಂಬರುಗಳ ಪಹಣಿ ತೆಗೆಸಿದೆ. ಒಂದರಲ್ಲಿ ಬ ಖರಾಬು ಕೆಲವು ಗುಂಟೆ ಇತ್ತು, ಇನ್ನೊಂದರಲ್ಲಿ ಸೊನ್ನೆ. ಗುಂಟೆ ಎಷ್ಟು ಅಂತ ಇದೆಯೇ ಹೊರತು ಅದು ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಪಹಣಿಯಲ್ಲಿ ಇರೋದಿಲ್ಲ. ಅದು ಇರೋದು ಗ್ರಾಮ ನಕ್ಷೆಯಲ್ಲಿ.

ನನ್ನ ಕಸುಬಿನ ಕಣ್ಣಲ್ಲಿ ನೋಡಿದಾಗ ವಿಷಯ ಅರ್ಥ ಆಯಿತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಏರಿಸಿತು. ಬಹಳ ದೊಡ್ಡ ಕೆಲಸ. ಕೈಬರಹದ ಪಹಣಿಗೆ ಶಾನುಭೋಗರ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ ಡೇಟಾಬೇಸಿನ ಒಂದು ಗುಣ ಇದೆ. ಯಾವುದಕ್ಕೆ ಒಂದು ಸಾಲು ಇದೆಯೋ ಅದು ಮಾತ್ರ ಅದಕ್ಕೆ ಗೊತ್ತು. ಜಮೀನಿಗೆ ಸಾಲು ಇದೆ, ಮಾಲೀಕರಿಗೆ ಇದೆ, ಬೆಳೆಗೆ ಇದೆ, ಬ್ಯಾಂಕ್ ಸಾಲಕ್ಕೂ ಇದೆ. ದಾರಿಗೆ ಇಲ್ಲ. ಮೂರು ಸರ್ವೆ ನಂಬರು ದಾಟಿ ನೀರಿಗೆ ಹೋಗುವ ಬಂಡಿದಾರಿ ಮೂರು ಪಹಣಿಗಳಲ್ಲಿ ಮೂರು ಚೂರಾಗಿ, ಅದೂ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ ಅನ್ನುವ ಹಾಗೆ ಉಳಿಯಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಮೀನು ಕೊಳ್ಳುವವನ ಕಣ್ಣಿಗೆ ಅದು ಬೀಳಲೇ ಇಲ್ಲ. ಬಿದ್ದರೂ ಬಿದ್ದಿಲ್ಲ ಅನ್ನಬಹುದು.

ಹಳೇ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಮೂವತ್ತಮೂರು ಅಡಿಯ ಸರಪಳಿ ಹಿಡಿದು ಊರೂರು ಅಳೆದರು. ಆ ಅಳತೆಯ ಮೇಲೆ ಬಂದ ಗ್ರಾಮ ನಕ್ಷೆಗಳಲ್ಲಿ ಕಾಲುದಾರಿಗೆ ಒಂದು ಸಾಲು ಚುಕ್ಕೆ ಗೆರೆ, ಬಂಡಿದಾರಿಗೆ ಎರಡು ಸಾಲು. ಆ ನಕ್ಷೆಗಳನ್ನ ಈಗ ಸ್ಕ್ಯಾನ್ ಮಾಡಿ ಕಂದಾಯ ಇಲಾಖೆ ಜಾಲತಾಣದಲ್ಲಿ ಹಾಕಿದೆ. ಒಂದು ರಾತ್ರಿ ಮಾವನೂರಿನ ನಕ್ಷೆ ತೆರೆದು ಹಿಗ್ಗಿಸಿ ನೋಡಿದೆ. ಊರು ಕಾಣಿಸಿತು, ಕೆರೆ ಕಾಣಿಸಿತು. ಊರಿನ ದಕ್ಷಿಣಕ್ಕೆ ಎರಡು ಸಾಲು ಚುಕ್ಕೆ ಹೊರಟು, ಈಗ ಗೇಟು ಇರುವ ಜಾಗವನ್ನೂ ದಾಟಿ, ಗ್ರಾಮದ ಗಡಿಯವರೆಗೆ ಹೋಗಿತ್ತು. ಗಡಿಯ ಆಚೆ ಯಾವ ಊರಿಗೆ ಹೋಗುತ್ತೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದು ನನ್ನ ಅಜ್ಜಿಯ ತೌರು. ನೀರೊಳಗಿರುವ ಊರು.

ಮೊಬೈಲಿನ ದಿಶಾಂಕ್ ಆ್ಯಪ್ ಹಿಡಿದುಕೊಂಡು ಆ ದಾರಿಯಲ್ಲಿ ನಡೆದೆವು. ಬೇಲಿ ನಿಂತಿರುವ ಕಡೆ ಸರ್ವೆ ನಂಬರು ಯಾವುದು ಅಂತ ಗೊತ್ತಾಯಿತು. ಊರಿನ ಹದಿನಾರು ಜನ ಸಹಿ ಹಾಕಿ, ನಕ್ಷೆಯ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು. ಪಂಚಾಯ್ತಿಗೆ ಒಂದು ಪ್ರತಿ. ಸಹಿ ಹಾಕಿದವರಲ್ಲಿ ಆರು ಜನ ದಲಿತ ಕೇರಿಯವರು. ಅವರಲ್ಲೊಬ್ಬರು ಸಹಿ ಹಾಕುವಾಗ ಮಾವನ ಕಡೆ ನೋಡಿ, "ನಮ್ಮನ್ನ ನೀರಿಂದ ದೂರ ನಿಲ್ಸ್ದಾಗ ಯಾರೂ ಅರ್ಜಿ ಕೊಡ್ಲಿಲ್ಲ ಗೌಡ್ರೆ" ಅಂದರು. ಮಾವ ತಲೆ ತಗ್ಗಿಸಿ, "ಊಂ ಕಣಪ್ಪ" ಅಂದರು. ಅಷ್ಟೇ. ಅದಕ್ಕೆ ಮೇಲೆ ಯಾರಿಗೂ ಮಾತು ಇರಲಿಲ್ಲ. ಅವರು ಸಹಿ ಹಾಕಿದರು.

ಎಂಟು ತಿಂಗಳಾದ ಮೇಲೆ ಸರ್ವೇಯರ್ ಬಂದರು. ನಾನು ರಜೆ ಹಾಕಿ ಹೋಗಿದ್ದೆ. ಅಳತೆಯಾಯಿತು. ಬಂಡಿದಾರಿ ನಕ್ಷೆಯಲ್ಲಿ ಇರುವ ಕಡೆಯೇ ಗೇಟು ಇತ್ತು. ಜಮೀನು ನೋಡಿಕೊಳ್ಳುವ ಮ್ಯಾನೇಜರ್ ಒರಟು ಮನುಷ್ಯನೇನಲ್ಲ. "ನೋಡಿ, ಜಗಳ ಯಾಕೆ? ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಗೇಟು ತೆಗೆದಿರ್ತೀವಿ. ನಿಮ್ಮೂರೋರು ಯಾರು ಬೇಕಾದ್ರೂ ಬರಲಿ" ಅಂದರು. ಕೆಲವರಿಗೆ ಸರಿ ಅನ್ನಿಸಿತು. ನನಗೂ ಒಂದು ಕ್ಷಣ ಅನ್ನಿಸಿತು. ಮಾವ ಒಪ್ಪಲಿಲ್ಲ. "ಸ್ವಾಮಿ, ಬಾಗ್ಲು ಇರೋದು ಮನೆಗೆ. ದಾರಿಗೆ ಯಾರಾದ್ರೂ ಬಾಗ್ಲು ಮಡೀಕತಾರಾ? ಇವತ್ತು ನೀವು ತಗೀತೀರಿ, ನಾಳೆ ನಿಮ್ಮ ಮಗ ತಗೀದೆ ಓದ್ರೆ?"

ಮಾವ ಓದಿದ್ದು ನಾಲ್ಕನೇ ಕ್ಲಾಸು. ಅನುಮತಿಗೂ ಹಕ್ಕಿಗೂ ಇರುವ ವ್ಯತ್ಯಾಸವನ್ನ ಅಷ್ಟು ಚೆನ್ನಾಗಿ ನಾನು ಯಾವ ತೀರ್ಪಿನಲ್ಲೂ ಓದಲಿಲ್ಲ. ಕೊಟ್ಟವರು ಅನುಮತಿಯನ್ನ ವಾಪಸ್ ಪಡೀಬಹುದು. ಸದ್ಯಕ್ಕೆ ದಾರಿಯ ಒಂದು ಬದಿಗೆ ಗಡಿಕಲ್ಲು ನೆಟ್ಟಿದ್ದಾರೆ, ಗೇಟು ಕಳಚಿದ್ದಾರೆ. ಇನ್ನೊಂದು ಬದಿಯ ಬೇಲಿಯ ವಿಷಯ ಕಡತದಲ್ಲಿದೆ. ಪೂರ್ತಿ ಗೆದ್ದೆವು ಅಂತ ಬರೆಯೋಕೆ ಆಗಲ್ಲ.

ಉಳಿದ ಮೂರು ತಾಲ್ಲೂಕಿನ ಕಡೆಯೂ ಈಗ ನನ್ನ ಕಣ್ಣು ಹೋಗುತ್ತೆ. ಪಿರಿಯಾಪಟ್ಟಣ ತಾಲ್ಲೂಕಿನ 150 ಕೆರೆಗಳಿಗೆ ಮುತ್ತಿನಮುಳುಸೋಗೆಯಿಂದ ಕಾವೇರಿ ನೀರು ತುಂಬಿಸುವ ಯೋಜನೆ ಬಂದಿದೆ. ಜನರ ದುಡ್ಡಿನಲ್ಲಿ ಕೆರೆ ತುಂಬುತ್ತೆ, ಒಳ್ಳೇದು. ನೀರು ತುಂಬಿದ ಕೆರೆಯ ಪಕ್ಕದ ಜಮೀನಿಗೂ ಇನ್ನು "ವ್ಯೂ" ಬರುತ್ತೆ. ಆ 150 ಕೆರೆಗೆ ಊರಿಂದ ಹೋಗುವ ದಾರಿಗಳು ನಕ್ಷೆಯಲ್ಲಿ ಎಲ್ಲಿವೆ ಅಂತ ಈಗಲೇ ನೋಡಿಟ್ಟುಕೊಳ್ಳಬೇಕು. ನೀರಿಗೆ ಹೋಗೋರು ಕಮ್ಮಿಯಾಗಿರೋದೂ ನಿಜ. ಮನೆಗೆ ನಲ್ಲಿ ಬಂತು, ದನ ಕಮ್ಮಿಯಾದವು, ಮಕ್ಕಳು ಈಜು ಕಲಿಯೋದು ಬಿಟ್ಟರು. ನಡೆಯದ ದಾರಿಯಲ್ಲಿ ಮೊದಲು ಲಂಟಾನ ಬೆಳೆಯುತ್ತೆ, ಆಮೇಲೆ ಬೇಲಿ. ದಾರಿ ಉಳಿದ ಕಡೆ ಏನಾಗಿದೆ ಅಂತಲೂ ನೋಡಬೇಕು. ಕನ್ನಂಬಾಡಿ ಹಿನ್ನೀರಿನ ಅಂಚಿಗೇ ಕಾರು ಇಳಿಸಿ, ಬಾಟಲಿ ಒಡೆದು ಬರುವವರಿದ್ದಾರೆ. "ನೋಡಿ, ಬಿಟ್ಟರೆ ಹೀಗೇ ಮಾಡ್ತಾರೆ" ಅಂತ ಬೇಲಿ ಹಾಕುವವರಿಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರ ಒಂದು ಕಾಯ್ದೆಯಡಿ, ಜನ ನಡೆದಾಡುವ ಕಾಲುದಾರಿಗಳನ್ನೆಲ್ಲ ಊರೂರಲ್ಲಿ ಗುರುತಿಸಿ ಅಧಿಕೃತ ನಕ್ಷೆ ಮಾಡಿದರು. ಆ ನಕ್ಷೆಯಲ್ಲಿರುವ ದಾರಿ ಯಾರ ಹೊಲದ ನಡುವೆ ಹೋದರೂ ದಾರಿಯೇ. ನಮ್ಮಲ್ಲಿ ನಕ್ಷೆ ಆಗಲೇ ಇದೆ, ಹೊಸದಾಗಿ ಮಾಡಬೇಕಾಗಿಲ್ಲ. ವರ್ಷಕ್ಕೊಂದು ಸಲ ಗ್ರಾಮಸಭೆ ದಿನ ಆ ನಕ್ಷೆಯನ್ನ ಗೋಡೆಗೆ ಅಂಟಿಸಿ, ನೀರಿಗೆ ಹೋಗುವ ದಾರಿಗಳು ಇವು ಅಂತ ಓದಿ ಹೇಳಿ, ಅವುಗಳಲ್ಲಿ ಒಂದು ಸಲ ನಡೆದು ಬಂದರೆ ಸಾಕು. ನಿಮ್ಮೂರ ನಕ್ಷೆಯನ್ನೂ ಒಂದು ಸಲ ತೆಗೆದು ನೋಡಿ. ಜಮೀನು ಮಾರುವವರಿದ್ದರೆ, ಮಾರುವ ಮೊದಲೇ ನೋಡಿ.

ಈ ಸಲ ಏಪ್ರಿಲ್‌ನಲ್ಲಿ ನೀರು ಚೆನ್ನಾಗಿ ಇಳಿದಿತ್ತು. ನಾನು, ಮಾವ, ನನ್ನ ಆರು ವರ್ಷದ ಮಗಳು ಆ ಬಂಡಿದಾರಿಯಲ್ಲಿ ಕೆಳಗಿನವರೆಗೆ ಹೋದೆವು. ಎಮ್ಮೆಗಳು ನಮಗಿಂತ ಮೊದಲೇ ನೀರು ಸೇರಿದ್ದವು. ಅಜ್ಜಿ ಕೂರುತ್ತಿದ್ದ ಕಲ್ಲು ಯಾವುದು ಅಂತ ನನಗೆ ಖಾತ್ರಿಯಿರಲಿಲ್ಲ. ಮಾವ ತೋರಿಸಿದರು. ಮಗಳು ಅದರ ಮೇಲೆ ಹತ್ತಿ ನಿಂತು, "ಇಲ್ಲಿ ಮನೆ ಎಲ್ಲಿದೆ?" ಅಂತ ಕೇಳಿದಳು. ಬರೀ ಕೆಸರು ಕಾಣಿಸುತ್ತಿತ್ತು.